ಸುಣ್ಣವಿಲ್ಲದ ಗೋಡೆ

ಆ ಬೆಳಿಗ್ಗೆ ಬಾನಿಯ ನೀರಿನ ಮೇಲೆ ಮಂಜುಗಡ್ಡೆಯ ಪೊರೆ ಇರಲಿಲ್ಲ. ಜೇಬೆಜ್ ಕಿಯರ್ಟನ್ ಮೊಣಕೈವರೆಗೆ ಕೈ ಮುಳುಗಿಸಿ ನೋಡಿದ. ನೀರು ತಣ್ಣಗಿತ್ತು, ಆದರೆ ಕಚ್ಚಲಿಲ್ಲ. ನಾಲ್ಕು ತಿಂಗಳಿಂದ ಬಿಗಿದುಕೊಂಡಿದ್ದ ಹಿತ್ತಿಲ ನೆಲ ಮೆತ್ತಗಾಗಿ, ಅದರ ಮೇಲೆ ಕೋಳಿಗಳ ಹೆಜ್ಜೆ ಮೂಡಿತ್ತು. ಯಾರ್ಕ್‌ಷೈರಿನ ಆ ಕಣಿವೆಯಲ್ಲಿ ಇಂಥದೊಂದು ಬೆಳಗಿಗಾಗಿ ಎಲ್ಲರೂ ದೇವರನ್ನು ಬೇಡಿಕೊಂಡಿದ್ದರು. ಜೇಬೆಜ್ ಒಬ್ಬನೇ ಇನ್ನೂ ಸ್ವಲ್ಪ ದಿನ ಹಿಮ ಬೀಳಲೆಂದು ಬೇಡಿದ್ದ. ಹಿಮವಿದ್ದರೆ ಗೋಡೆಗೆ ಸುಣ್ಣ ಹಿಡಿಯುವುದಿಲ್ಲ. ಇವತ್ತು ಹಿಡಿಯುತ್ತದೆ.

ದೊಡ್ಡಮನೆಯ ಹಿಂಬಾಗಿಲನ್ನು ಅವನು ಕಲ್ಲಿಟ್ಟು ಮುಚ್ಚಿದ್ದು ನವೆಂಬರಿನಲ್ಲಿ. ಗಾರೆ ಕೆಲಸದವನಾದ ಅವನಿಗೆ ಆ ಮನೆಯ ಗೋಡೆಗಳು ಪ್ರಾರ್ಥನೆಯ ಪುಸ್ತಕದಷ್ಟೇ ಬಾಯಿಪಾಠ. ದನಗಳ್ಳರಿಗೆ ಹೆದರಿ ಮೊದಲು ಕಟ್ಟಿದ ಗೋಪುರ, ಅದಕ್ಕೆ ಒರಗಿಸಿದ ಉದ್ದನೆಯ ಹಜಾರ, ಹೊಗೆ ಹೋಗಲು ಸೂರಿನಲ್ಲಿದ್ದ ತೂತು ಮುಚ್ಚಿ ಎಬ್ಬಿಸಿದ ಚಿಮಣಿ. ಕಿಟಕಿಗೆ ತೆರಿಗೆ ಬಂದಾಗ ಅದನ್ನು ತಪ್ಪಿಸಲು ನಾಲ್ಕು ಕಿಟಕಿ ಕುರುಡಾಗಿದ್ದವು. ಅವುಗಳ ಕಲ್ಲು ಇಟ್ಟವನು ಅವನ ಅಜ್ಜ. ಹೊಸ ಗೋಡೆಯನ್ನು ಹಳೆಯದರೊಳಕ್ಕೆ ಹಲ್ಲು ಕೂಡಿಸಿದಂತೆ ಹೆಣೆದರೆ ಅದು ಎಂದೆಂದಿಗೂ ಒಂದೇ. ಹೆಣೆಯದೆ ಬರೀ ಪಕ್ಕಕ್ಕೆ ನಿಲ್ಲಿಸಿದರೆ ಮೇಲಿಂದ ಕೆಳಗೆ ಒಂದು ನೇರ ಗೆರೆ ಉಳಿಯುತ್ತದೆ. ಹಿಂಬಾಗಿಲಿನಲ್ಲಿ ಜೇಬೆಜ್ ಉಳಿಸಿದ್ದು ಅಂಥ ಗೆರೆ. ಸುಣ್ಣವನ್ನೂ ಹಾಕಿರಲಿಲ್ಲ.

ಅದು ಹೆಣದ ಬಾಗಿಲು. ಮೇಲಿನ ಬರ್ಕ್‌ರಿಗ್ ಹಳ್ಳಿಯಿಂದ ಚರ್ಚಿಗೆ ಇಳಿಯುವ ಕಾಲುದಾರಿಯ ಮೇಲೆಯೇ ಮೊದಲ ಯಜಮಾನ ಮನೆ ಕಟ್ಟಿಸಿದ್ದ. ದಾರಿ ಮನೆಗಿಂತ ಹಳೆಯದು. ಹಾಗಾಗಿ ಬರ್ಕ್‌ರಿಗ್‌ನ ಒಂದೊಂದು ಶವಪೆಟ್ಟಿಗೆಯೂ ಹಿಂಬಾಗಿಲಿನಿಂದ ಒಳಗೆ ಬಂದು, ಮನೆಯೊಳಗೆ ಎರಡು ಬಾಗಿಲುಗಳನ್ನು ಕೂಡಿಸುವ ಓಣಿಯ ಕಲ್ಲುಜಗಲಿಯ ಮೇಲೆ ಒಂದು ಪ್ರಾರ್ಥನೆ ಮುಗಿಯುವಷ್ಟು ಹೊತ್ತು ಇಳಿದು, ಮುಂಬಾಗಿಲಿನಿಂದ ಹೊರಡುತ್ತಿತ್ತು. ಆ ಹೊತ್ತಿನಲ್ಲಿ ಯಜಮಾನನೂ ಊಟ ಬಿಟ್ಟೆದ್ದು ನಿಲ್ಲಬೇಕು.

ಈಗ ಮನೆಯಲ್ಲಿದ್ದವರು ವಿಧವೆ ಶ್ರೀಮತಿ ಲಿಸೆಟ್ ಮತ್ತು ಆಕೆಯ ಐದು ವರ್ಷದ ಮಗಳು. ಮಗುವಿಗೆ ಬಿಡದ ಕೆಮ್ಮು. ಎರಡು ಬಾಗಿಲುಗಳ ನಡುವೆ ಗಾಳಿ ಹೊಳೆಯಂತೆ ಹರಿಯುತ್ತಿತ್ತು. ಓಣಿಯನ್ನು ಮುಚ್ಚಿ ಬೆಚ್ಚನೆಯ ಕೋಣೆ ಮಾಡಿಕೊಳ್ಳಲು ಆಕೆ ಅರ್ಜಿ ಕೊಟ್ಟಳು. ಸೇತುವೆ ಸುತ್ತಿ ಗಾಡಿದಾರಿ ಇದೆಯಲ್ಲ ಎಂದು ಇಬ್ಬರು ನ್ಯಾಯಾಧೀಶರು ಸಹಿ ಹಾಕಿದರು.

"ಗಾಡಿ ಮೇಲೆ ಹೋಗೋಕೆ ನಾನೇನು ಆಲೂಗಡ್ಡೆ ಮೂಟೆನೇನೋ?" ಎಂದಿದ್ದಳು ಜೇಬೆಜ್‌ನ ತಾಯಿ ಟೇಮರ್. ಎಂಬತ್ತಮೂರು ವರ್ಷದ ಅವಳು ಆಗ ಹಾಸಿಗೆ ಹಿಡಿದಿದ್ದಳು.

ಅವನು ಅವಳ ಕಿವಿಯ ಹತ್ತಿರ ಬಾಗಿದ್ದ. "ಯೋಚನೆ ಮಾಡಬೇಡ ಅವ್ವಾ. ಚಳೀಲಿ ಸುಣ್ಣ ನಿಲ್ಲಲ್ಲ ಅಂತ ಹೇಳಿ ಬರೀ ಕಲ್ಲು ಪೇರಿಸಿದೀನಿ. ಸುಳ್ಳೇನಲ್ಲ. ವಸಂತ ಬರೋವರೆಗೂ ಅರ್ಧ ಗಂಟೇಲಿ ಬಿಚ್ಚಬಹುದು."

"ಹಂಗಾದ್ರೆ ನಾನು ಬೇಗ ಹೊರಡಬೇಕು," ಎಂದಳು ಮುದುಕಿ, ಸಂತೆಗೆ ಹೊತ್ತಾದವಳ ಹಾಗೆ.

ದೇವರ ಚಿತ್ತ ಬೇರೆ ಇತ್ತು. ಜನವರಿಯಲ್ಲಿ ಅವಳು ಗಂಜಿ ಕೇಳಿದಳು. ಫೆಬ್ರವರಿಯಲ್ಲಿ ಎದ್ದು ಕೂತು, ಮಗ ಸುಟ್ಟ ರೊಟ್ಟಿಗೆ ಉಪ್ಪು ಸಾಲದೆಂದಳು. ಅವಳ ಕೆನ್ನೆಗೆ ಕೆಂಪು ಮರಳಿದ ದಿನ ಜೇಬೆಜ್‌ಗೆ ಸಂತೋಷವಾಯಿತು. ಆಮೇಲೆ ಗೋಡೆ ನೆನಪಾಯಿತು. ಆಮೇಲೆ ತನ್ನ ಬಗ್ಗೆ ತನಗೇ ನಾಚಿಕೆಯಾಯಿತು.

ಅವನು ಸುಣ್ಣದ ತೊಟ್ಟಿಯನ್ನು ಕೈಗಾಡಿಗೆ ಏರಿಸುತ್ತಿದ್ದಾಗ ಟೇಮರ್ ಹೊಸ್ತಿಲಿಗೆ ಬಂದಳು. ಭಾನುವಾರದ ಕಪ್ಪು ಉಡುಪು ಹಾಕಿಕೊಂಡಿದ್ದಳು.

"ಅಮ್ಮಾವ್ರು ಹೇಳಿ ಕಳಿಸಿದ್ರಾ?"

"ನೆನ್ನೆ ಹೇಳಿ ಕಳಿಸಿದ್ರು. ಇವತ್ತೇ ಮುಗಿಸಬೇಕಂತೆ."

"ಸಾಯದೆ ನಿನ್ನ ಏರ್ಪಾಡು ಕೆಡಿಸಿಬಿಟ್ಟೆ, ಅಲ್ವೇನೋ?"

"ಅವ್ವಾ, ಬಿಡ್ತು ಅನ್ನು."

"ತೋಳು ಕೊಡು ಮತ್ತೆ. ನಡ್ಕೊಂಡೇ ಹೋಗ್ತೀನಿ. ಹೆಣ ಹೋಗಬಾರದು ಅಂತ ತಾನೇ ಸಹಿ ಹಾಕಿರೋದು? ನಾನಿನ್ನೂ ಹೆಣ ಆಗಿಲ್ವಲ್ಲ."

ಕೈಗಾಡಿ ಅಲ್ಲೇ ನಿಂತಿತು. ಇಳಿಜಾರಿನಲ್ಲಿ ಅವಳು ಹತ್ತು ಹೆಜ್ಜೆಗೊಮ್ಮೆ ನಿಂತಳು. ಏದುಸಿರು ಬಂದಾಗೆಲ್ಲ ಕುರಿಗಳನ್ನು ನೋಡುವ ನೆವ ಮಾಡಿದಳು. ದೊಡ್ಡಮನೆಯ ಹಿಂದೆ ಬಂದು ನಿಂತಾಗ ಮಗನ ಅಂಗಿಯ ತೋಳು ಅವಳ ಮುಷ್ಟಿಯಲ್ಲಿ ಸುಕ್ಕಾಗಿತ್ತು. ಗೋಡೆಯ ಸಂದುಗಳಿಂದ ಒಳಗಿನ ಬೆಂಕಿಯ ಸೌದೆವಾಸನೆ ಬರುತ್ತಿತ್ತು.

"ಇಲ್ಲೇ ಇರು, ಮುಂಬಾಗಿಲಿಗೆ ಹೋಗಿ ಅವರನ್ನ ಕೇಳ್ಕೊಂಡು ಬರ್ತೀನಿ," ಎಂದ ಜೇಬೆಜ್.

"ಬರ್ಕ್‌ರಿಗ್‌ನೋರು ಯಾವತ್ತು ಮುಂಬಾಗಿಲಲ್ಲಿ ಕೇಳಿದಾರೆ?" ಟೇಮರ್ ಊರುಗೋಲಿನಿಂದ ಕಲ್ಲಿನ ಮೇಲೆ ಮೂರು ಸಲ ತಟ್ಟಿದಳು.

ಒಳಗೆ ಮಗು ಕೆಮ್ಮಿತು. ಗೋಡೆಗೆ ಅಡ್ಡವಾಗಿ ತೂಗುಬಿಟ್ಟಿದ್ದ ಕಂಬಳಿ ಸರಿದ ಸದ್ದಾಯಿತು. "ಯಾರದು?" ಎಂದಳು ಶ್ರೀಮತಿ ಲಿಸೆಟ್.

"ಟೇಮರ್ ಕಿಯರ್ಟನ್ ಅಮ್ಮಾವ್ರೇ. ಚರ್ಚಿಗೆ ಹೊರಟಿದೀನಿ."

"ಗಾಡಿದಾರಿ ಇದೆಯಲ್ಲ, ಅಜ್ಜಿ."

"ಇದೆ ತಾಯಿ. ಒಳ್ಳೆ ದಾರೀನೇ." ಮುದುಕಿ ಕಲ್ಲಿಗೆ ಅಂಗೈ ಊರಿದಳು. "ಈ ಬಾಗಿಲಲ್ಲಿ ನಾಲ್ಕು ಸಾರಿ ಬಂದಿದೀನಿ. ಮೂರು ಸಾರಿ ಮಕ್ಕಳ ಪೆಟ್ಟಿಗೆ ಹಿಂದೆ, ಒಂದು ಸಾರಿ ಇವನಪ್ಪನ ಪೆಟ್ಟಿಗೆ ಹಿಂದೆ. ನನ್ನ ನಡುವಿನ ಹುಡುಗಿಗೂ ಕೆಮ್ಮೇ ಇತ್ತು. ನಾನು ಯಾವಾಗಲೂ ಹಿಂದೇನೇ ಬಂದೋಳು. ಒಂದೇ ಒಂದು ಸಾರಿ ಮುಂದೆ ಹೋಗಬೇಕು ಅಂತ ಆಸೆ. ಆಮೇಲೆ ಇವನು ಸುಣ್ಣ ತುಂಬ್ತಾನೆ, ಗಟ್ಟಿಯಾಗಿ ತುಂಬ್ತಾನೆ. ನಿಮ್ಮ ಮಗು ಬೆಚ್ಚಗಿರಲಿ. ನನ್ನ ಪೆಟ್ಟಿಗೇನ ಗಾಡೀಲೇ ಒಯ್ಯಲಿ, ನನಗೇನು ಗೊತ್ತಾಗುತ್ತೆ?"

ಜೇಬೆಜ್ ತಲೆ ತಗ್ಗಿಸಿ ನಿಂತ. ಸೂರಿನಿಂದ ಕರಗಿದ ಹಿಮ ಹನಿಹನಿಯಾಗಿ ಕಲ್ಲುಚಪ್ಪಡಿಯ ಮೇಲೆ ಬೀಳುತ್ತಿತ್ತು.

ಒಳಗೆ ಕುರ್ಚಿಯೊಂದನ್ನು ಎಳೆದ ಸದ್ದಾಯಿತು. ಬಾಗಿಲ ಮೇಲಿನ ತೊಲೆಗಲ್ಲಿನ ಕೆಳಗೆ ಅವನು ಬಿಗಿಯಾಗಲೆಂದು ತುರುಕಿದ್ದ ಕಲ್ಲಿನ ಚೂರುಗಳು ಒಂದೊಂದಾಗಿ ಉದುರಿದವು. ಮೇಲಿನ ಸಾಲಿನ ಕಲ್ಲು ಅಲುಗಿತು, ತಡೆಯಿತು, ಮತ್ತೆ ಅಲುಗಿತು. ಕಲ್ಲಿನ ಅಂಚನ್ನು ಹಿಡಿದ ಎರಡು ಬಿಳಿಯ ಕೈಗಳು ಕಂಡವು. ಗೆಣ್ಣುಗಳು ತರಚಿಕೊಂಡಿದ್ದವು.

"ಹಿಡ್ಕೋ, ಜೇಬೆಜ್," ಎಂದಳು ಶ್ರೀಮತಿ ಲಿಸೆಟ್. "ಜಾರುತ್ತೆ."

ಅವನು ಎರಡೂ ಕೈ ಚಾಚಿ ಕಲ್ಲನ್ನು ತೆಗೆದುಕೊಂಡ. ಅದರ ಹೊರಮೈ ಒದ್ದೆಯಾಗಿ ತಣ್ಣಗಿತ್ತು. ಒಳಮೈ ಬೆಂಕಿಯ ಕಾವಿಗೆ ಬೆಚ್ಚಗಾಗಿತ್ತು.