ಗಂಟಿನ ಮೊದಲ ಅಕ್ಷರ

ಮಗಳ ಎಡಗಡೆಯ ಜಡೆಗೆ ರಿಬ್ಬನ್ ಕಟ್ಟಿ ಮುಗಿದಿತ್ತು. ಬಲಗಡೆಯ ಕೂದಲನ್ನು ಮೂರು ಪಾಲು ಮಾಡಿ ಹೆಣೆಯಲು ಹಿಡಿದಿದ್ದಳು, ಅಷ್ಟರಲ್ಲಿ ಒಳಕೋಣೆಯಿಂದ ಗಂಡನ ದನಿ ಬಂತು.

"ಸ್ವಲ್ಪ ಬಾ ಇಲ್ಲಿ."

ಕೂಗಿದ್ದೇನಲ್ಲ, ಮೆಲ್ಲಗೇ ಹೇಳಿದ್ದ. ಆ ಮೆಲುದನಿಗೇ ಅವಳ ಬೆರಳಿನಿಂದ ಕೂದಲು ಜಾರಿತು. "ಅಲ್ಲಾಡಬೇಡ, ಬಂದುಬಿಟ್ಟೆ," ಎಂದು ಮಗಳಿಗೆ ಹೇಳಿ ಎದ್ದು ಹೋದಳು.

ಅತ್ತೆ ಗೋಡೆಯ ಕಡೆ ಮುಖ ಮಾಡಿ ಮಲಗಿದ್ದರು. ಮಡಿಸಿದ ಕನ್ನಡಕ ಕಾಲೇಜಿನ ಪುಸ್ತಕದ ಮೇಲಿತ್ತು. ಗಂಡ ನೆಲದ ಮೇಲೆ ಕೂತು ಅವರ ಪಾದ ಹಿಡಿದುಕೊಂಡಿದ್ದ.

"ಅಮ್ಮನ ಕಾಲು ತಣ್ಣಗಿದೆ ಕಣೇ," ಎಂದ.

ಅವಳು ಹೊರಗೆ ಬರುವಾಗ ಬೆಳಗು ಎಷ್ಟೋ ಏರಿತ್ತು. ಮಗಳು ಮಾತ್ರ ಅದೇ ಮಣೆಯ ಮೇಲೆ, ಕತ್ತು ಕೂಡ ತಿರುಗಿಸದೆ ಕೂತಿದ್ದಳು. ಎರಡನೇ ತರಗತಿಯ ಆ ಹುಡುಗಿಗೆ ಮನೆಯವರು ಗುಬ್ಬಿ ಎನ್ನುತ್ತಿದ್ದುದು ಸುಮ್ಮನೆ ಅಲ್ಲ, ಎದ್ದಾಗಿನಿಂದ ಮಲಗುವ ತನಕ ಚಿಲಿಪಿಲಿ ನಿಲ್ಲುತ್ತಿರಲಿಲ್ಲ. ಅಜ್ಜಿ ಹೋದರು ಎಂದು ಹೇಳಿದಾಗ ಗುಬ್ಬಿ ಬಾಯಿ ತೆರೆದಳು, ಏನೋ ಕೇಳುವವಳಂತೆ. ಆಮೇಲೆ ಮುಚ್ಚಿದಳು. ಅಲ್ಲಿಂದಾಚೆ ಒಂದು ಮಾತಿಲ್ಲ.

ಕೇಳುವುದು ಏನೆಂದು ತಾಯಿಗೆ ಗೊತ್ತಿತ್ತು. ಅಜ್ಜಿ ಎಲ್ಲಿಗೆ ಹೋದರು ಎಂದೇ ಕೇಳುತ್ತಾಳೆ. ಪಾತ್ರೆ ಸರಿಸುತ್ತ, ಬಂದವರಿಗೆ ಕುರ್ಚಿ ಹಾಕುತ್ತ ಅವಳು ಮನಸ್ಸಿನಲ್ಲೇ ಉತ್ತರ ಹುಡುಕುತ್ತಿದ್ದಳು. ನಿದ್ದೆ ಹೋದರು ಅನ್ನೋಣವೆಂದರೆ ನಾಳೆಯಿಂದ ಮಗು ಮಲಗಲು ಹೆದರುತ್ತದೆ. ಊರಿಗೆ ಹೋದರು ಅಂದರೆ ಬಾಗಿಲು ಕಾಯುತ್ತದೆ.

ಮಧ್ಯಾಹ್ನದ ಹೊತ್ತಿಗೆ ಮುಂದಿನ ಕೋಣೆ ತುಂಬಿತು. ಹೊಲಿಗೆ ಯಂತ್ರವನ್ನು ಮೂಲೆಗೆ ತಳ್ಳಿ ಅತ್ತೆಯನ್ನು ಅಲ್ಲೇ ಮಲಗಿಸಿದ್ದರು. ಅವರ ಅಕ್ಕ, ಎಲ್ಲರ ಬಾಯಲ್ಲೂ ದೊಡ್ಡಮ್ಮ, ತಲೆಯ ಬಳಿ ಕೂತಿದ್ದರು.

"ಅರವತ್ತಕ್ಕೆ ಅರಳು ಮರಳು ಅಂತಾರೆ. ನಮ್ಮವಳು ಅಷ್ಟೂ ಕಾಯಲಿಲ್ಲ, ಮುಂಚೇನೇ ಕಾಲೇಜು ಸೇರಿದಳು," ಎಂದರು ದೊಡ್ಡಮ್ಮ. "ಜೀವಮಾನವೆಲ್ಲ ಆ ಕಾಲೇಜಿನ ಹುಡುಗರಿಗೆ ಪದವಿ ತಗೊಳ್ಳೋ ಕಪ್ಪು ಗೌನು ಹೊಲಿದಳು. ಹೊಲಿದೋಳು ಹೊಲಿದು ಸುಮ್ಮನಿರಬೇಕಪ್ಪ. ನಾನೂ ಒಂದು ಸಲ ಹಾಕ್ಕೋಬೇಕು ಅಂದರೆ?"

"ಹಾಕ್ಕೊಂಡು ಕನ್ನಡಿ ನೋಡಿಕೊಂಡಿದ್ದರೆ ಆಗ್ತಿತ್ತಲ್ಲ," ಎಂದ, ದಾರ ಗುಂಡಿ ಮಾರುವ ಅಂಗಡಿಯವನು.

"ನಾನೂ ಅದನ್ನೇ ಅಂದೆ. ಕನ್ನಡಿ ಪಾಸು ಮಾಡಲ್ಲ ಅಕ್ಕ, ಅಂದಳು." ದೊಡ್ಡಮ್ಮ ನಗಲು ಹೋಗಿ ಅತ್ತರು.

ಸಂಜೆ ಕಾಲೇಜಿನ ಹುಡುಗ ಹುಡುಗಿಯರು ಬಾಗಿಲಲ್ಲಿ ಚಪ್ಪಲಿ ಬಿಟ್ಟು ಗುಂಪಾಗಿ ಬಂದರು. ಜೊತೆಗೆ ಇಂಗ್ಲಿಷ್ ಮೇಷ್ಟ್ರು, ಅತ್ತೆಯ ಮಗನಿಗಿಂತ ಚಿಕ್ಕವರು.

"ನಾವು ಇವರನ್ನ ಕ್ಲಾಸ್‌ಮೇಟಮ್ಮ ಅಂತಿದ್ವಿ," ಎಂದಳು ಒಬ್ಬ ಹುಡುಗಿ. "ಕತೆ ಪಾಠ ಮಾಡಿದರೆ ನಾವು, ಇದು ಪರೀಕ್ಷೆಗೆ ಬರುತ್ತಾ ಸಾರ್ ಅಂತ ಕೇಳ್ತಿದ್ವಿ. ಇವರು, ಕತೇಲಿರೋ ಹುಡುಗಿಗೆ ಬುದ್ಧಿ ಹೇಳೋರು ಮನೇಲಿ ಯಾರೂ ಇರಲಿಲ್ವಾ ಸಾರ್ ಅಂತ ಕೇಳೋರು."

ಮೇಷ್ಟ್ರು ಕುರ್ಚಿಯ ತುದಿಯಲ್ಲಿ ಕೂತರು. "ಒಂದು ದಿನ 'ನನ್ನ ಕೆಲಸ' ಅಂತ ಪ್ರಬಂಧ ಬರೆಸಿದೆ. ಎದ್ದು ಓದಿದರು. ದಾರದ ಕೊನೆಗೆ 'ಕ್ನಾಟ್' ಹಾಕ್ತೀನಿ ಅಂತ. ಗಂಟಿಗೆ ಇಂಗ್ಲಿಷ್ ಪದ ಅದು. ಅಲ್ಲಿ ಮೊದಲಿನ ಕೆ ಅನ್ನಬಾರದಮ್ಮ, ಬರೀಬೇಕು, ಬಾಯಲ್ಲಿ ಬಿಡಬೇಕು, ಬರೀ 'ನಾಟ್' ಅಂದೆ."

"ಬಿಡೋದಾದರೆ ಬರೆಯೋದ್ಯಾಕೆ?" ಎಂದರು ದೊಡ್ಡಮ್ಮ.

"ಅದನ್ನೇ ಅವರೂ ಕೇಳಿದ್ದು. ಆಮೇಲೆ, ನೋಡಿ ಸಾರ್, ನಾಟ್ ಅಂದರೆ 'ಇಲ್ಲ' ಅಂತಲೂ ಆಗುತ್ತಲ್ಲ, ಆ ಕೆ ಬಿಟ್ಟರೆ ಇದ್ದ ಗಂಟೇ ಇಲ್ಲ ಆಗಿಬಿಡುತ್ತೆ, ದಾರ ನಿಲ್ಲೋದು ಹೇಗೆ, ಅಂದರು. ಇಡೀ ಕ್ಲಾಸು ನಕ್ಕಿತು. ನಾನು ಮಾತ್ರ, ನಿಮ್ಮಿಷ್ಟದಂತೆ ಓದಿ ಅಂದೆ."

ಬಾಗಿಲ ಸಂದಿಯಿಂದ ಗುಬ್ಬಿ ಹೊರಗೆ ಬಂದಳು. ಒಂದು ಕಡೆ ಜಡೆ, ಒಂದು ಕಡೆ ಬಿಚ್ಚುಗೂದಲು. ಮೇಷ್ಟ್ರ ಮುಖವನ್ನೇ ನೋಡಿದಳು. ಅಮ್ಮನ ತೋಳು ಜಗ್ಗಿ ಬಾಯಿ ತೆರೆದಳು.

"ಶ್, ಸುಮ್ಮನಿರು ಮರಿ," ಎಂದರು ದೊಡ್ಡಮ್ಮ. "ಈಗ ಮಾತಾಡಬಾರದು."

ಗುಬ್ಬಿ ತೋಳು ಬಿಟ್ಟು ಮತ್ತೆ ಬಾಗಿಲ ಸಂದಿಗೆ ಸರಿದಳು.

*

ಅತ್ತೆ ಇದ್ದಾಗ ಅವರೂ ಗುಬ್ಬಿಯೂ ದಿನಾ ಊಟದ ಮೇಜಿನ ಎರಡು ಬದಿಗೆ ಕೂತು ಪಾಠ ಓದುತ್ತಿದ್ದರು. ಒಬ್ಬರದು ಪದವಿಯ ಇಂಗ್ಲಿಷ್, ಒಬ್ಬಳದು ಬಣ್ಣದ ಚಿತ್ರದ ಇಂಗ್ಲಿಷ್. ಇಬ್ಬರದೂ ಗಟ್ಟಿ ಓದು. ಕಾಗುಣಿತ ಕಲಿತ ನಾಲಿಗೆ ಅತ್ತೆಯದು, ಬರೆದ ಅಕ್ಷರವನ್ನು ಅನ್ನದೆ ಬಿಟ್ಟರೆ ಅವರಿಗೆ ಊಟಕ್ಕೆ ಕರೆದವರನ್ನು ಬಾಗಿಲಲ್ಲೇ ನಿಲ್ಲಿಸಿದ ಹಾಗೆ. ಕ್ನಾಟ್, ಕ್ನೈಫ್, ಕ್ನೀ. ಗುಬ್ಬಿಯೂ ಹಾಗೇ ಕಲಿತಳು.

ಹೋದ ವಾರ ಶಾಲೆಯಲ್ಲಿ ಎದ್ದು ನಿಂತು ಮೊಣಕಾಲಿಗೆ 'ಕ್ನೀ' ಅಂದಿದ್ದಳಂತೆ. ಎಲ್ಲರೂ ಹೊಟ್ಟೆ ಹಿಡಿದು ನಕ್ಕರಂತೆ. ಮನೆಗೆ ಬಂದವಳೇ ಚೀಲ ಎಸೆದಳು.

"ಅಜ್ಜಿ, ನಿಂಗೆ ಇಂಗ್ಲಿಷ್ ಬರಲ್ಲ. ಅದು ಸೈಲೆಂಟು. ಇನ್ಮೇಲೆ ಕೆ ಬಿಡು. ಬಿಟ್ಟೇ ಬಿಡು."

ಅಡುಗೆಮನೆಯಲ್ಲಿದ್ದ ತಾಯಿ ಗದರಲು ಬಂದಳು. ಅತ್ತೆ ಕೈಸನ್ನೆಯಲ್ಲೇ ತಡೆದರು.

"ಆಯ್ತು ಮೇಷ್ಟ್ರೇ," ಎಂದರು ಮೊಮ್ಮಗಳಿಗೆ. "ಬಿಟ್ಟೆ."

ಅಂದಿನಿಂದ ಅತ್ತೆ ಮನಸ್ಸಿನಲ್ಲೇ ಓದಿಕೊಳ್ಳುತ್ತಿದ್ದರು. ಗಂಟಲು ಕೆಟ್ಟಿದೆ ಎಂದಿದ್ದರು. ನಿಜವಾಗಿ ಕೆಟ್ಟಿತ್ತು, ಕೆಮ್ಮೂ ಇತ್ತು, ಎದೆ ಹಿಡಿದಂತಾಗುತ್ತದೆ ಎಂದೂ ಒಮ್ಮೆ ಅಂದಿದ್ದರು. ಮನೆ ಮಾತ್ರ ರೇಡಿಯೋ ನಿಲ್ಲಿಸಿದ ಹಾಗಾಗಿತ್ತು.

*

ಅತ್ತೆಯನ್ನು ಕಳಿಸಿ ಎಲ್ಲರೂ ಹಿಂದಿರುಗುವಾಗ ಕತ್ತಲಾಗಿತ್ತು. ಬಂದವರು ಒಬ್ಬೊಬ್ಬರಾಗಿ ಎದ್ದರು. ದೊಡ್ಡಮ್ಮ ಒಳಗೆ ಅಡ್ಡಾದರು. ಗಂಡ ಹೊಲಿಗೆ ಯಂತ್ರವನ್ನು ಮೊದಲಿದ್ದ ಜಾಗಕ್ಕೆ ಎಳೆದು ಅದರ ಮುಂದೆ ಕೂತ.

ಗುಬ್ಬಿ ಬೆಳಗಿನ ಮಣೆಯ ಮೇಲೆ ತಾನಾಗಿ ಹೋಗಿ ಕೂತಿದ್ದಳು, ಬೆನ್ನು ಈಚೆಗೆ ಮಾಡಿ. ಬಾಚಣಿಗೆ ಬಿದ್ದಲ್ಲೇ ಇತ್ತು.

ತಾಯಿ ಹಿಂದೆ ಕೂತು ಬಲಗಡೆಯ ಕೂದಲನ್ನು ಮೂರು ಪಾಲು ಮಾಡಿದಳು. ಸಿಕ್ಕು ಬಿಡಿಸಿದಳು. ಮಲಗುವ ಹೊತ್ತಿಗೆ ಜಡೆ ಯಾಕೆ ಎಂದು ಮಗು ಕೇಳಬಹುದಿತ್ತು, ಕೇಳಲಿಲ್ಲ. ಅಜ್ಜಿ ಎಲ್ಲಿಗೆ ಹೋದರು ಎಂದು ಕೇಳಿದರೆ ಏನನ್ನಬೇಕೆಂದು ತಾಯಿ ಇನ್ನೂ ಹುಡುಕುತ್ತಲೇ ಇದ್ದಳು. ಹೆಣೆದು ಮುಗಿಸಿ ರಿಬ್ಬನ್ ಸುತ್ತಿದಳು. ಏನಾದರೂ ಮಾತು ಆಡಬೇಕಿತ್ತು. ಬಾಯಿಗೆ ಬಂದದ್ದು ಅತ್ತೆಯ ಮಾತು.

"ಈಗ ಒಂದು ಕ್ನಾಟ್," ಎಂದಳು, ಕೆ ಬಿಡದೆ.

ಪುಟ್ಟ ಕತ್ತು ಸೆಟೆಯಿತು. ರಿಬ್ಬನ್ನಿನ ಎರಡು ತುದಿ ಎರಡು ಕೈಯಲ್ಲಿ ಹಿಡಿದು, ಎಳೆಯದೆ, ತಾಯಿ ಕಾದಳು. ಗುಬ್ಬಿ ತಿರುಗಲಿಲ್ಲ. ಗೋಡೆಗೆ ಹೇಳುವಂತೆ ಹೇಳಿದಳು.

"ಅಮ್ಮ, ಕೆ ಬಿಡು ಅಂತ ನಾನೇ ಅಲ್ವಾ ಅಂದಿದ್ದು? ಅದಕ್ಕೇನಾ ಅಜ್ಜಿ ಇಲ್ಲ ಆಗಿದ್ದು?"