ಹನ್ನೆರಡು ದಿನದ ಟೀಚರ್

ಆಸ್ಪತ್ರೆಯ ಬಟ್ಟೆ ಒಗೆಯುವ ವಿಭಾಗದಲ್ಲಿ ಅವಳ ಕೆಲಸ ಮಡಚುವುದು. ಬಿಸಿ ರೋಲರಿನಿಂದ ಹೊರಬಂದ ಹಾಸಿಗೆ ಬಟ್ಟೆಯನ್ನು ಎದುರಿಗೆ ನಿಂತವಳ ಜೊತೆ ತುದಿ ಹಿಡಿದು ಅರ್ಧ, ಅರ್ಧದ ಅರ್ಧ, ಮತ್ತೆ ಅದರರ್ಧ. ಒಂದು ಪಾಳಿಗೆ ಆರುನೂರು. ಹದಿನಾಲ್ಕು ವರ್ಷದಿಂದ ತಾನು ಮಾಡುತ್ತಿರುವುದಕ್ಕೆ ಭಿನ್ನರಾಶಿ ಎಂಬ ಹೆಸರಿದೆಯೆಂದು ಅವಳಿಗೆ ಹೇಳಿಕೊಟ್ಟದ್ದು ಹತ್ತು ವರ್ಷದ ಮಗಳು.

ಮಗಳನ್ನು ಬೀದಿಯೆಲ್ಲ ‘ಲಾಯರ್’ ಅನ್ನುತ್ತಿತ್ತು. ಯಾರು ಏನು ಹೇಳಿದರೂ ‘ಯಾಕೆ’ ಎಂಬ ಪಾಟೀಸವಾಲು ತಪ್ಪಿದ್ದಲ್ಲ. ಐದನೇ ತರಗತಿಯಲ್ಲಿದ್ದುಕೊಂಡೇ ಏಳನೆಯದರ ಗಣಿತ ಮುಗಿಸಿದ್ದಳು. ಮುಗಿಸುವಂತೆ ಮಾಡಿದವರು ಸರ್ಕಾರಿ ಶಾಲೆಯ ಟೀಚರ್. ಆ ಶಾಲೆಗೆ ಇದ್ದದ್ದು ಒಂದು ಹಾಲ್. ಮೂರು ಗೋಡೆಗೆ ಮೂರು ಕರಿಹಲಗೆ, ಮೂರು ತರಗತಿ. ನಾಲ್ಕನೇ ಗೋಡೆಯಲ್ಲಿ ಬಾಗಿಲು. ಆ ಬಾಗಿಲಿನಿಂದ ಇನ್ನೊಬ್ಬ ಟೀಚರ್ ಬರುತ್ತಾರೆಂದು ಇವರು ಆರು ವರ್ಷದಿಂದ ಕಾಯುತ್ತಿದ್ದರು. ಬರುತ್ತಿದ್ದದ್ದು ಸುತ್ತೋಲೆಗಳು ಮಾತ್ರ.

ಗಂಡ ಖಾಸಗಿ ಶಾಲೆಯೊಂದರ ವ್ಯಾನ್ ಡ್ರೈವರ್. ಅರ್ಜಿ ತಂದವನು ಅವನೇ. ಪರೀಕ್ಷೆಯಲ್ಲಿ ಮುಂದೆ ಬರುವ ಬಡ ಮಕ್ಕಳಿಗೆ ಅಲ್ಲಿ ಎರಡು ಸೀಟು ಪುಕ್ಕಟೆ. ಬೇರೆಯವರ ಮಕ್ಕಳನ್ನು ಆ ಗೇಟಿನೊಳಗೆ ಇಳಿಸಿ ಇಳಿಸಿ ತನ್ನ ಸೊಂಟ ಬಿದ್ದಿದೆ, ಒಂದು ಸಲ ತನ್ನದೇ ಮಗು ಇಳಿಯುವುದನ್ನು ಕನ್ನಡಿಯಲ್ಲಿ ನೋಡಬೇಕು ಅಂದ. ಇವಳಿಗೆ ಮನಸ್ಸಿರಲಿಲ್ಲ. ಟೀಚರ್ ಬೇಡ ಅಂದರೆ ಸಾಕು, ಅದನ್ನೇ ನೆಪ ಮಾಡಿಕೊಳ್ಳೋಣವೆಂದು ಅವರನ್ನೇ ಹೋಗಿ ಕೇಳಿದಳು. ಟೀಚರ್ ಸೀಮೆಸುಣ್ಣದ ಕೈ ಒರೆಸಿಕೊಂಡರು.

‘ಹಾಕಿಬಿಡಿ. ಇನ್ನೊಂದು ವರ್ಷ ಹೋದ್ರೆ ಅವಳು ಕೇಳೋದಕ್ಕೆ ನನ್ನ ಹತ್ರ ಉತ್ತರ ಇರಲ್ಲ.’

ಪರೀಕ್ಷೆಯಲ್ಲಿ ಲಾಯರ್ ಮೊದಲನೆಯವಳಾದಳು. ಕೊನೆಗೆ ಉಳಿದದ್ದು ಪೋಷಕರು ತುಂಬಬೇಕಾದ ಒಂದು ಹಾಳೆ. ಮಗುವಿನ ವಿಶೇಷ ಸಾಮರ್ಥ್ಯ ತೋರಿಸುವ ಒಂದು ಘಟನೆಯನ್ನು ಸ್ವಂತ ಅಕ್ಷರದಲ್ಲಿ ಬರೆಯಿರಿ ಎಂದಿತ್ತು. ಗಂಡ ನಾಲ್ಕು ಸುಳ್ಳು ಸೂಚಿಸಿದ. ಇವಳಿಗೆ ಸುಳ್ಳು ಬೇಕಾಗಿರಲಿಲ್ಲ. ಎದೆಯುಬ್ಬಿಸುವ ನಿಜವೇ ಕೈಯಲ್ಲಿತ್ತು. ಟೀಚರನ್ನು ಮನೆಮನೆಯ ಜನ ಎಣಿಸುವ ಕೆಲಸಕ್ಕೆ ಸರ್ಕಾರ ಎಳೆದುಕೊಂಡು ಹೋದಾಗ, ಮೂರನೇ ತರಗತಿಯ ಹತ್ತೊಂಬತ್ತು ಮಕ್ಕಳಿಗೆ ಹನ್ನೆರಡು ದಿನ ಪಾಠ ಮಾಡಿದವಳು ತನ್ನ ಮಗಳು. ಹರಿದ ಹಾಸಿಗೆ ಬಟ್ಟೆಯೊಂದನ್ನು ಮಡಚಿ ಬಿಚ್ಚಿ ಅರ್ಧ, ಕಾಲು, ಅರೆಕಾಲು ಕಲಿಸಿದಳು. ಹತ್ತೊಂಬತ್ತಕ್ಕೆ ಹತ್ತೊಂಬತ್ತೂ ಕಲಿತವು. ಇದನ್ನೇ ದುಂಡಗೆ, ಒಂದೂ ಅಳಿಸದೆ ಬರೆದಳು. ತನ್ನ ಮಗುವಿನ ಗೆಲುವನ್ನು ಇದ್ದದ್ದು ಇದ್ದ ಹಾಗೆ ಬರೆದರೆ ಅದು ಇನ್ನೊಬ್ಬರ ಅಪರಾಧವಾಗಿ ಓದಿಸಿಕೊಳ್ಳುತ್ತದೆಂದು ಇವಳಂಥವರಿಗೆ ಯಾರೂ ಹೇಳಿಕೊಡುವುದಿಲ್ಲ.

ಸೀಟು ಸಿಕ್ಕಿತು. ಎರಡು ವಾರದ ಮೇಲೆ ರೋಲರಿನ ಪಕ್ಕದ ಕಿಟಕಿಗೆ ಯಾರೋ ಅಂಟಿಸಿದ್ದ ಕರಪತ್ರದಲ್ಲಿ ಅವಳು ತನ್ನದೇ ಅಕ್ಷರ ಕಂಡಳು. ಮಗಳ ಹೆಸರಿನ ಮೇಲೆ ಮಾತ್ರ ಕಪ್ಪು ಪಟ್ಟಿ; ಸರ್ಕಾರಿ ಶಾಲೆಯ ಹೆಸರು ಹಾಗೇ ಇತ್ತು. ಮೇಲೆ ದಪ್ಪಗೆ: ‘ಅಲ್ಲಿ ಮಕ್ಕಳೇ ಪಾಠ ಮಾಡುತ್ತಾರೆ. ಇಲ್ಲಿ ಮಕ್ಕಳು ಕಲಿಯುತ್ತಾರೆ.’ ಕೆಳಗೆ ಖಾಸಗಿ ಶಾಲೆಯ ವಿಳಾಸ. ಮನೆಗೆ ಬಂದು ಕೇಳಿದಾಗ ಗಂಡನ ಮುಖ ಬಿಳಿಚಿಕೊಂಡಿತು. ಬೆಳಿಗ್ಗೆ ಐದು ಕಟ್ಟು ಕರಪತ್ರವನ್ನು ಅಂಗಡಿ ಅಂಗಡಿಗೆ ಇಳಿಸಿ ಬಂದವನು ಅವನೇ. ಒಂದನ್ನೂ ಬಿಚ್ಚಿ ಓದಿರಲಿಲ್ಲ.

ವರ್ಷಗಟ್ಟಲೆ ಟೀಚರ್ ಕೊಡಿ ಎಂದು ಬರೆದ ಅರ್ಜಿಗಳನ್ನು ಓದದ ಇಲಾಖೆ ಈ ಕರಪತ್ರವನ್ನು ಒಂದೇ ದಿನದಲ್ಲಿ ಓದಿತು. ಗುಬ್ಬಿಯ ಮೇಲೆ ಬ್ರಹ್ಮಾಸ್ತ್ರ ಹೊರಟಿತು. ಕರ್ತವ್ಯಲೋಪದ ವಿಚಾರಣೆ; ತಾಯಿ ಬಂದು ಹೇಳಿಕೆ ಕೊಡಬೇಕು. ಅದಕ್ಕೂ ಮೊದಲು ಖಾಸಗಿ ಶಾಲೆಯ ಪ್ರಿನ್ಸಿಪಾಲ್ ಕರೆಸಿಕೊಂಡರು. ಕುರ್ಚಿ ಕೊಟ್ಟು, ನೀರು ಕೊಟ್ಟು, ನಗುನಗುತ್ತಲೇ ತಿಳಿಸಿದರು: ಅರ್ಜಿಯಲ್ಲಿ ಬರೆದದ್ದು ಸುಳ್ಳು ಎಂದು ಎಲ್ಲಾದರೂ ಹೇಳಿದರೆ, ಸುಳ್ಳು ಅರ್ಜಿಯ ಮೇಲೆ ಕೊಟ್ಟ ಸೀಟು ತಾನಾಗಿಯೇ ರದ್ದು. ನಿಯಮ ಹಾಗಿದೆ, ನಾವೇನು ಮಾಡೋಣ. ನಿಯಮಗಳು ಬಡವರ ಮನೆಯ ದಾರಿಯನ್ನು ಎಷ್ಟು ಚೆನ್ನಾಗಿ ತಿಳಿದಿರುತ್ತವೆ.

ಟೀಚರ್ ಒಂದು ಮಾತೂ ಹೇಳಿ ಕಳಿಸಲಿಲ್ಲ. ಅತ್ತ ದರಿ, ಇತ್ತ ಪುಲಿ. ಇಲ್ಲ ಅಂದರೆ ಮಗಳ ಓದು ಹೋಯಿತು. ಹೌದು ಅಂದರೆ ಆ ಓದಿಗೆ ದಾರಿ ತೋರಿದವರ ಅನ್ನ.

ವಿಚಾರಣೆ ಮೂರು ಕರಿಹಲಗೆಯ ಅದೇ ಹಾಲಿನಲ್ಲಿ. ಮಕ್ಕಳ ಗಿಡ್ಡ ಬೆಂಚಿನಲ್ಲಿ ಮೊಣಕಾಲು ಮಡಚಿಕೊಂಡು ಕುಳಿತ ಅಧಿಕಾರಿ ಪೆನ್ನು ಬಿಚ್ಚಿದ. ಟೀಚರ್ ಬಾಗಿಲ ಬಳಿ ನಿಂತಿದ್ದರು. ಹನ್ನೆರಡು ದಿನ ಈ ಮಗು ಪಾಠ ಮಾಡಿದ್ದು ನಿಜವೇ ಎಂದು ಕೇಳಿದ.

‘ಹೌದು ಸಾರ್. ಆದ್ರೆ ಟೀಚರನ್ನ ಎಣಿಕೆ ಕೆಲಸಕ್ಕೆ ಕಳಿಸಿದ್ದು ನೀವು. ಬದಲಿಗೆ ಯಾರನ್ನೂ ಕಳಿಸದೇ ಇದ್ದಿದ್ದೂ ನೀವು.’

ಪೆನ್ನು ‘ಹೌದು’ ಬರೆದು ನಿಂತಿತ್ತು.

‘ಅದನ್ನೂ ಬರ್ಕೊಳ್ಳಿ ಸಾರ್.’

‘ಅದಕ್ಕೆ ಇದರಲ್ಲಿ ಜಾಗ ಇಲ್ಲಮ್ಮ. ಹೌದು, ಇಲ್ಲ, ಎರಡೇ. ಇಲ್ಲಿ ಸಹಿ ಮಾಡು.’

‘ಹಿಂದುಗಡೆ ಖಾಲಿ ಇದೆಯಲ್ಲ.’

‘ಹಿಂದುಗಡೆ ಕಚೇರಿಯವರಿಗೆ,’ ಅಂದ ಅವನು. ಸಹಿ ಮಾಡದಿದ್ದರೆ ಹೇಳಿಕೆಯೇ ಕೊಟ್ಟಿಲ್ಲವೆಂದಾಗುತ್ತದೆ, ಆಗ ಮಗಳ ಸೀಟಿನ ಅರ್ಜಿಯೂ ಅನುಮಾನಕ್ಕೆ ಬೀಳುತ್ತದೆ ಎಂದೂ ಸೇರಿಸಿದ. ಯಾರು ಯಾರಿಗೆ ಫೋನು ಮಾಡಿದ್ದರೋ. ಅವಳು ಬಾಗಿಲ ಕಡೆ ನೋಡಲಿಲ್ಲ. ಸಹಿ ಮಾಡಿದಳು.

ಟೀಚರ್ ಅಮಾನತಾದರು. ಶಾಲೆಗೆ ಬೀಗ ಬಿತ್ತು. ಮಕ್ಕಳನ್ನು ದೊಡ್ಡ ರಸ್ತೆಯಾಚೆಯ ಶಾಲೆಗೆ ಸೇರಿಸಲಾಗಿದೆ ಎಂದು ಕಾಗದ ಹೇಳಿತು. ಹತ್ತೊಂಬತ್ತರಲ್ಲಿ ಏಳು ಮಕ್ಕಳು ಆ ರಸ್ತೆ ದಾಟಲೇ ಇಲ್ಲ. ಬೀದಿ ನಲ್ಲಿಯ ಬಳಿ ಹೆಂಗಸರು ಮಾತು ನಿಲ್ಲಿಸಿದರು. ‘ಲಾಯರಮ್ಮನ ತಾಯಿ ಬಂದ್ರು, ದಾರಿ ಬಿಡ್ರೇ, ಸಾಕ್ಷಿಗೆ ಕರೆದಾರು’ ಅಂದಳೊಬ್ಬಳು. ಯಾರೂ ನಗಲಿಲ್ಲ.

ನಾಲ್ಕು ತಿಂಗಳ ಮೇಲೆ ಮಗಳು ಅಂಗಿಯ ಮೇಲೆ ಹೊಳೆಯುವ ಬ್ಯಾಡ್ಜು ಹಾಕಿಕೊಂಡು ಬಂದಳು. ‘ಪುಟ್ಟ ಗುರು’ ಎಂದಿತ್ತು. ಗಣಿತದ ಸಾರ್ ಕೆಲಸ ಬಿಟ್ಟು ಹೋಗಿದ್ದರು. ಹೊಸಬರು ಬರುವವರೆಗೆ ನಾಲ್ಕನೇ ತರಗತಿಯ ಹಿಂದುಳಿದ ಮಕ್ಕಳಿಗೆ ದಿನಕ್ಕೆರಡು ಪೀರಿಯಡ್ ಇವಳೇ ಕಲಿಸಬೇಕಂತೆ. ಗೇಟಿನ ಬೋರ್ಡಿನಲ್ಲಿ ಫೋಟೋ ಬಂದಿದೆ ಎಂದು ಗಂಡ ಹಿಗ್ಗಿ ಹೇಳುತ್ತಿದ್ದವನು ಹೆಂಡತಿಯ ಮುಖ ನೋಡಿ ನಡುವೆಯೇ ನಿಲ್ಲಿಸಿದ. ಸರ್ಕಾರಿ ಹಾಲಿನಲ್ಲಿ ಲೋಪವಾದದ್ದು ಖಾಸಗಿ ಕಟ್ಟಡದಲ್ಲಿ ನಾಯಕತ್ವ.

ಮರುದಿನ ಪಾಳಿಗೆ ಮೊದಲು ಅವಳು ಟೀಚರ ಮನೆಯ ಮೆಟ್ಟಿಲು ಹತ್ತಿದಳು. ಟೀಚರ್ ಬಾಗಿಲು ತೆರೆದರು, ಒಳಗೆ ಕರೆಯಲಿಲ್ಲ. ಇವಳು ನಿಂತಲ್ಲೇ ಎಲ್ಲ ಹೇಳಿದಳು: ಬ್ಯಾಡ್ಜು, ಫೋಟೋ, ಎರಡು ಪೀರಿಯಡ್. ಮಗಳನ್ನು ಅಲ್ಲಿಂದ ಬಿಡಿಸಿಬಿಡುತ್ತೇನೆ, ಇದನ್ನೂ ಬರೆದುಕೊಡುತ್ತೇನೆ, ಯಾರಿಗೆ ಬೇಕಾದರೂ ಅಂದಳು. ಟೀಚರ್ ನಕ್ಕರು. ಆ ನಗುವಿಗಿಂತ ಬೈಗುಳ ಮೇಲಿತ್ತು.

‘ಬಿಡಿಸಿ ಎಲ್ಲಿಗೆ ಸೇರಿಸ್ತೀರ? ನನ್ನ ಶಾಲೆ ಇಲ್ಲವಲ್ಲ.’

ಇವಳು ಸೆರಗಿನ ತುದಿಯನ್ನು ಅರ್ಧಕ್ಕೆ ಮಡಚಿದಳು, ಮತ್ತೆ ಅರ್ಧಕ್ಕೆ.

‘ಅಲ್ಲೇ ಓದಲಿ. ಅವಳದೇನೂ ತಪ್ಪಿಲ್ಲ. ನಿಮ್ಮದೂ ಇಲ್ಲ ಅಂತ ದಿನಾ ನನಗೆ ನಾನೇ ಹೇಳ್ಕೊಳ್ತೀನಿ. ಇನ್ನೂ ನಂಬಿಕೆ ಬಂದಿಲ್ಲ. ಬಂದಾಗ ಹೇಳಿ ಕಳಿಸ್ತೀನಿ. ಅಲ್ಲೀವರೆಗೂ ಈ ಮೆಟ್ಟಿಲು ಹತ್ತಬೇಡಿ.’

ಬಾಗಿಲು ಮೆಲ್ಲಗೆ, ಸದ್ದಿಲ್ಲದೆ ಮುಚ್ಚಿತು. ಅವಳು ಇಳಿದು ಬಸ್ಸು ಹಿಡಿದಳು. ಆ ಹೊತ್ತಿಗೆ ದೊಡ್ಡ ರಸ್ತೆಯ ಆಚೆ, ಖಾಸಗಿ ಶಾಲೆಯ ಗೇಟಿನ ಒಳಗೆ, ಮಗಳು ಕಲಿಸುವ ಮೊದಲ ಪೀರಿಯಡ್ಡಿನ ಗಂಟೆ ಹೊಡೆದಿರಬೇಕು.