ರನ್‌ವೇ ಆರಿಸಿದ ಹೆಂಗಸರು

ಸೊಸೆ ಆ ಮನೆಗೆ ಬಂದು ಇಪ್ಪತ್ತಾರು ವರ್ಷ. ಇಷ್ಟು ವರ್ಷಗಳಲ್ಲಿ ಅಲ್ಲಿನ ನೆಲದ ಮೇಲೆ ಒಂದು ಗುಂಡುಪಿನ್ನು ಅರೆಗಳಿಗೆ ಬಿದ್ದಿದ್ದನ್ನೂ ಅವಳು ಕಂಡಿಲ್ಲ. ಅತ್ತೆಗೆ ಎಪ್ಪತ್ತೈದು, ಕಣ್ಣಿಗೆ ಪೊರೆ ಬಂದಿದೆ. ಆದರೂ ಅಂಗಿಯಿಂದ ಕಳಚಿದ ಗುಂಡಿ ಉರುಳಿ ನಿಲ್ಲುವ ಮೊದಲೇ ಅವರ ಕೈಯಲ್ಲಿರುತ್ತದೆ. "ನೆಲ ನೋಡ್ಕೊಂಡು ನಡಿ" ಅನ್ನುವುದು ಆ ಮನೆಯಲ್ಲಿ "ಊಟ ಆಯ್ತಾ" ಅನ್ನುವಷ್ಟೇ ಮಾಮೂಲಿ ಮಾತು. ಸೊಸೆ ಹೊಸದರಲ್ಲಿ ನಕ್ಕಳು, ಆಮೇಲೆ ಜಗಳವಾಡಿದಳು, ಕೊನೆಗೆ ಅವಳ ಕತ್ತೂ ಬಗ್ಗಿಹೋಯಿತು.

ಅದರ ಹಿನ್ನೆಲೆ ಅವಳಿಗೆ ಗೊತ್ತಿತ್ತು. ಮದುವೆಗೆ ಮುಂಚೆ ಅತ್ತೆ ಊರಾಚೆಯ ಸೇನಾ ವಿಮಾನನಿಲ್ದಾಣದಲ್ಲಿ ಕೆಲಸಕ್ಕಿದ್ದರು. ದಿನಾ ಬೆಳಗ್ಗೆ, ವಿಮಾನ ಹಾರುವ ಮೊದಲು, ಇಪ್ಪತ್ತೆರಡು ಹೆಂಗಸರು ಮಾರು ದೂರಕ್ಕೊಬ್ಬರಂತೆ ಸಾಲಾಗಿ ನಿಂತು ರನ್‌ವೇಯ ಈ ತುದಿಯಿಂದ ಆ ತುದಿಗೆ ಬಗ್ಗಿ ನಡೆಯಬೇಕು. ಕಲ್ಲು, ಮೊಳೆ, ತಂತಿಯ ಚೂರುಗಳನ್ನು ಕಾಳು ಆರಿಸಿದ ಹಾಗೆ ಆರಿಸಿ ಸೊಂಟದ ಚೀಲಕ್ಕೆ ಹಾಕಿಕೊಳ್ಳಬೇಕು. ತಲೆ ಎತ್ತುವ ಹಾಗಿಲ್ಲ. ಒಂದು ಬೆಳಗ್ಗೆ ವಿಮಾನ ಮೇಲೇಳುವ ಹೊತ್ತಿಗೆ ಟೈರು ಒಡೆದು ಮಗುಚಿಬಿತ್ತು; ಓಡಿಸುತ್ತಿದ್ದ ಹುಡುಗ ಉಳಿಯಲಿಲ್ಲ. ಮಾರನೇ ದಿನ ಇಪ್ಪತ್ತೆರಡು ಮಂದಿಯನ್ನೂ ಗೇಟಿನಿಂದಲೇ ವಾಪಸು ಕಳಿಸಿದರು. ಕಾರಣ ಯಾರೂ ಹೇಳಲಿಲ್ಲ. ಟೈರು ಒಡೆದದ್ದು ರನ್‌ವೇಯ ನಡುಪಟ್ಟಿಯಲ್ಲಿ, ದಿನಾ ನಡುಪಟ್ಟಿ ಆರಿಸುವ ಪಾಲು ಅತ್ತೆಯದು. ಇನ್ನು ಹೇಳುವುದೇನಿತ್ತು?

ನಿಲ್ದಾಣ ಮುಚ್ಚಿ ಎಷ್ಟೋ ಕಾಲವಾಗಿ, ಈಗ ಅದು ಉದ್ಯಾನವಾಗುತ್ತಿತ್ತು. ನಗರಸಭೆಯಲ್ಲಿ ಗುಮಾಸ್ತೆಯಾಗಿದ್ದ ಸೊಸೆಯ ಮೇಜಿನ ಮೇಲೆ ಸಾಹೇಬರು ನಿಲ್ದಾಣದ ಹಳೇ ಕಡತಗಳ ಮೂರು ರಟ್ಟಿನ ಪೆಟ್ಟಿಗೆ ಇಳಿಸಿದರು.

"ಗೇಟಿನ ಫಲಕಕ್ಕೆ ಚರಿತ್ರೆ ಬೇಕಮ್ಮ. ಹತ್ತು ಸಾಲು ಸಾಕು. ಹನ್ನೊಂದನೇದನ್ನ ಯಾರೂ ಓದಲ್ಲ."

"ಹತ್ತನ್ನಾದ್ರೂ ಓದ್ತಾರಾ ಸಾರ್?"

"ಅದು ನಮ್ಮ ತಲೆನೋವಲ್ಲ ಬಿಡಿ."

ಮೂರು ದಿನ ಧೂಳು ಕುಡಿದಳು. ಮೂರನೇ ದಿನ ಮಧ್ಯಾಹ್ನ, ಊಟದ ಡಬ್ಬಿ ಮುಚ್ಚಿಟ್ಟು ಕೈಗೆತ್ತಿಕೊಂಡ ಕಡತದಲ್ಲಿ ಆ ಅಪಘಾತದ ವಿಚಾರಣಾ ವರದಿ ಸಿಕ್ಕಿತು. ಮೇಲೆ 'ಗೋಪ್ಯ' ಎಂಬ ಮುದ್ರೆ. ಕೆಳಗೆ ಎರಡೇ ವಾಕ್ಯದ ತೀರ್ಮಾನ: ರನ್‌ವೇ ಮೇಲೆ ಯಾವುದೇ ಹೊರವಸ್ತು ಇರಲಿಲ್ಲ. ಬಳಕೆಯ ಅವಧಿ ಮೀರಿದ ಟೈರಿನಿಂದ ಅಪಘಾತವಾಗಿದೆ.

ನಾಲ್ಕು ಸಲ ಓದಿದಳು. ಇನ್ನು ಮನೆಯಲ್ಲಿ ತಲೆ ಎತ್ತಿ ಓಡಾಡಬಹುದು ಅನ್ನುವುದು ಅವಳಿಗೆ ಹೊಳೆದ ಮೊದಲ ಯೋಚನೆ. ಅತ್ತೆಯ ನೆನಪು ಬಂದದ್ದು ಆಮೇಲೆ. ಅದಕ್ಕೆ ನಾಚಿಕೆಯಾಗಬೇಕಿತ್ತು, ನಾಚಿಕೆಪಡುವುದಕ್ಕೂ ತ್ರಾಣ ಬೇಕು. ಸಾಹೇಬರಿಗೆ ತೋರಿಸಿದಾಗ ಅವರು ಮುದ್ರೆಯನ್ನಷ್ಟೇ ನೋಡಿ, "ಇದೆಲ್ಲ ಯಾಕೆ ಕೆದಕ್ತೀರಿ? ಕಟ್ಟಿದ ವರ್ಷ, ಮುಚ್ಚಿದ ವರ್ಷ, ಸಾಕು" ಅಂದರು. ಅವಳು ಎರಡು ವಾಕ್ಯವನ್ನೂ ಚೀಟಿಗೆ ಇಳಿಸಿಕೊಂಡು ಮನೆಗೆ ಹೊರಟಳು. ಬಸ್ಸಿನಲ್ಲಿ ಸೀಟು ಸಿಗಲಿಲ್ಲ. ನಿಂತೇ ಯೋಚಿಸಿದಳು: ಹೇಳಿದರೆ ಮುದುಕಿ ಅತ್ತುಬಿಡುತ್ತಾರೆ, ಹಗುರಾಗುತ್ತಾರೆ, ಮುಗಿಯುತ್ತದೆ.

ಅತ್ತೆ ಒಗೆದ ಬಟ್ಟೆ ಮಡಚುತ್ತಿದ್ದರು. ಸೊಸೆ ಪಕ್ಕದಲ್ಲಿ ಕೂತು ಚೀಟಿ ಓದಿದಳು.

ಅತ್ತೆ ಅಳಲಿಲ್ಲ. "ಇನ್ನೊಂದು ಸಲ ಓದು."

ಓದಿದಳು.

"ಆಗಲೇ ಗೊತ್ತಿತ್ತಾ ಅವರಿಗೆಲ್ಲ?"

"ಗೊತ್ತಿತ್ತು ಅತ್ತೆ. ಒಂದು ತಿಂಗಳಲ್ಲೇ ಬರೆದಿದ್ದಾರೆ."

ಅತ್ತೆ ಮಡಚಿದ ಟವೆಲನ್ನು ಬಿಡಿಸಿ ಮತ್ತೆ ಮಡಚಿದರು. "ಆವತ್ತು ನಾನು ಒಂದ್ಸಲ ತಲೆ ಎತ್ತಿದ್ದೆ ಕಣೆ. ಯಾರಿಗೂ ಹೇಳಿಲ್ಲ."

"ಯಾಕೆ ಎತ್ತಿದ್ರಿ?"

"ನಿಮ್ಮ ಮಾವ. ಆಗಿನ್ನೂ ಮಾವ ಎಲ್ಲಿ, ನೀರಿನ ಟ್ಯಾಂಕರಿನ ಡ್ರೈವರು. ಪಕ್ಕದಲ್ಲಿ ಗಾಡಿ ನಿಲ್ಲಿಸ್ಕೊಂಡು ಏನೋ ಅಂದ್ರು. ಎತ್ತಿ ನೋಡಿದೆ, ನಕ್ಕೆ. ಅಷ್ಟರಲ್ಲಿ ನಾಲ್ಕು ಹೆಜ್ಜೆ ದಾಟಿಬಿಟ್ಟಿದ್ದೆ. ಆ ನಾಲ್ಕು ಹೆಜ್ಜೇಲೇ ಮೊಳೆ ಇತ್ತು ಅಂದ್ಕೊಂಡೆ."

ಮಾವ ತೀರಿಕೊಂಡು ಒಂಬತ್ತು ವರ್ಷವಾಗಿತ್ತು. ಬೀದಿಯವರನ್ನೆಲ್ಲ ನಗಿಸುತ್ತಿದ್ದ ಮನುಷ್ಯ. ಮನೆಯ ಹೊಸಿಲು ದಾಟಿದರೆ ಬಾಯಿಗೆ ಬೀಗ. ಅದು ಗಂಡಸರ ಸ್ವಭಾವ ಅಂತ ಸೊಸೆ ಅಂದುಕೊಂಡಿದ್ದಳು.

"ಮದುವೆಯಾದ ಮೇಲೆ ಅವರು ತಮಾಷೆಗೆ ಬಾಯಿ ತೆರೆದ್ರೆ ಸಾಕು, ನನಗೆ ಆ ಹುಡುಗ ಕಾಣ್ತಿದ್ದ. ರೇಗಿ ಮೈಮೇಲೆ ಬೀಳ್ತಿದ್ದೆ. ಅವರೂ ಎಷ್ಟು ದಿನ ಅಂತ ಪ್ರಯತ್ನ ಪಡ್ತಾರೆ? ಬಿಟ್ಟುಬಿಟ್ರು," ಅತ್ತೆ ಅಂದರು. "ನಮ್ಮಿಬ್ಬರದೂ ತಪ್ಪೇ ಇರಲಿಲ್ವಲ್ಲೇ, ನಲವತ್ತೈದು ವರ್ಷ ಅವರ ಬಾಯಿ ಕಟ್ಟಿ ಹಾಕಿದ್ನಲ್ಲ. ಈಗ ಯಾರ ಹತ್ರ ಹೇಳ್ಲಿ?"

ಹಗುರಾಗುತ್ತಾರೆ ಅಂದುಕೊಂಡಿದ್ದೇನು, ಆದದ್ದೇನು! ಒಂದು ಭಾರ ಇಳಿಸಲು ಹೋಗಿ ಇನ್ನೊಂದನ್ನು ಹೊರಿಸಿದ್ದಾಗಿತ್ತು. ಎದ್ದು ಒಲೆ ಹಚ್ಚಬೇಕು, ಆದರೆ ಸೊಸೆಗೆ ಏಳಲಾಗಲಿಲ್ಲ.

"ಅಂಥದ್ದೇನು ಅಂದಿದ್ರು ಮಾವ?" ಕೇಳಿದಳು.

ಅತ್ತೆ ಟವೆಲಿನ ಅಂಚು ನೇವರಿಸಿದರು. "'ದಿನಾ ಬಗ್ಗಿ ಬಗ್ಗಿ ಹುಡುಕ್ತೀಯಲ್ಲ, ಏನು ಕಳ್ಕೊಂಡಿದ್ದೀಯ? ನಾನು ಇಲ್ಲೇ ಇದ್ದೀನಿ' ಅಂದ್ರು."

ಸೊಸೆಗೆ ನಗು ಬಂದುಬಿಟ್ಟಿತು. ತಡೆಯಲು ನೋಡಿದಳು, ಸೋತಳು. ಅತ್ತೆ ನಗಲಿಲ್ಲ. ಪೊರೆ ಬಂದ ಕಣ್ಣು ಕಿರಿದು ಮಾಡಿಕೊಂಡು ಅವಳ ಮುಖವನ್ನೇ ನೋಡಿದರು.

"ನಗೋ ಮಾತೇ ಆಗಿತ್ತಲ್ವಾ ಅದು?"

"ನಗೋ ಮಾತೇ ಅತ್ತೆ."